ಹೊಡೆದುಹಾಕಲೆಂದು ಬರೆದ ಸಾಲು

ಗೆದ್ದ ದಿನಗಳಲ್ಲಿ ಎದ್ಮುಂದ್ ವಿಲ್ಚೆಕ್‌ನಿಗೆ ಹಸಿವಾಗುತ್ತಿತ್ತು. ಮುದ್ರಣ ನಿಯಂತ್ರಣ ಕಚೇರಿಯ ಮೆಟ್ಟಿಲಿಳಿದು ಬೀದಿಗೆ ಬಂದವನೇ ಮೂಲೆಯಂಗಡಿಯಲ್ಲಿ ಗಸಗಸೆ ತುಂಬಿದ ಬನ್ನು ಕೊಂಡು, ಚೌಕದ ಚೆಸ್ಟ್‌ನಟ್ ಮರದಡಿಯ ಬೆಂಚಿನಲ್ಲಿ ಕೂತ. ಮರ ಮೈತುಂಬ ಹೂ ಬಿಟ್ಟಿತ್ತು. ಮೇಲೆ ನೋಡದೆಯೇ, ಸದ್ದಿನಿಂದಲೇ, ಅಲ್ಲಿ ಓಡಾಡುತ್ತಿದ್ದುದು ಸಾಕಿದ ಜೇನುಹುಳವೋ ಕಾಡಿನದೋ ಎಂದು ಅವನು ಹೇಳಬಲ್ಲ. ತೊಡೆಯ ಮೇಲೆ ಅವನು ಸಂಪಾದಿಸುವ, ಜಿಲ್ಲಾ ಜೇನುಸಾಕಣೆದಾರರ ಸಂಘದ ಮಾಸಪತ್ರಿಕೆಯ ಕರಡು ಪುಟಗಳಿದ್ದವು. ಪ್ರತಿ ಪುಟದ ಬೆನ್ನಿಗೂ ನಿಯಂತ್ರಣ ಕಚೇರಿಯ ಅಧಿಕಾರಿ ಶ್ರೀಮತಿ ಸಬಿನಾ, ಎಲ್ಲರ ಬಾಯಲ್ಲಿ ಪಾನಿ ಸಬಿನಾ, ಒತ್ತಿದ ಮುದ್ರೆ, ಅದರ ಕೆಳಗೆ ಆಕೆಯ ಚಿಕ್ಕ ಓರೆ ಸಹಿ. ಆ ಮುದ್ರೆಯಿಲ್ಲದೆ ಈ ದೇಶದಲ್ಲಿ ಸರ್ಕಸ್ಸಿನ ಭಿತ್ತಿಪತ್ರವೂ ಅಚ್ಚಾಗುವುದಿಲ್ಲ, ಬೆಂಕಿಪೊಟ್ಟಣದ ಮೇಲಿನ ಚಿತ್ರವೂ ಆಗುವುದಿಲ್ಲ. ಬಿದ್ದ ಮೇಲೆ ಒಂದು ಅಲ್ಪವಿರಾಮವನ್ನೂ ಯಾರೂ ಕದಲಿಸುವಂತಿಲ್ಲ. ಬನ್ನು ಕಚ್ಚುತ್ತಾ ಅವನು ಆರನೆಯ ಪುಟ ತೆಗೆದ. ಇತ್ತು. ತಾನು ದಾಟಿಸಬೇಕೆಂದಿದ್ದ ಸೂಚನೆ ಒಂದಕ್ಷರವೂ ಹೋಗದೆ ಇತ್ತು. ಲಿಪಿನಿಯ ಸರ್ಕಾರಿ ಫಾರ್ಮಿನ ಸಾಸಿವೆ ಹೊಲಗಳ ಮೇಲೆ ಬರುವ ಗುರುವಾರದಿಂದ ವಿಮಾನದಲ್ಲಿ ವಿಷ ಚೆಲ್ಲುತ್ತಾರೆ, ನಸುಕಿಗೆ ಮುಂಚೆ ಪೆಟ್ಟಿಗೆಯ ಬಾಗಿಲು ಮುಚ್ಚಿ, ಒಳಗೆ ನೀರಿಡಿ, ಮೇಲೆ ಜಾಲರಿ ಹೊದಿಸಿ. ಸರ್ಕಾರಿ ಫಾರ್ಮಿನ ವಿಷದ ಮಾತು ಅಚ್ಚಾಗುವಂತಿಲ್ಲವೆಂದು ಹೋದ ವರ್ಷ ಇದೇ ಹಳದಿ ಹೂವಿನ ಕಾಲದಲ್ಲಿ ಯಾರೂ ಹೇಳಲಿಲ್ಲ. ಜನ ಪೆಟ್ಟಿಗೆಗಳ ಮುಂದೆ ಸತ್ತುಬಿದ್ದ ಹುಳಗಳನ್ನು ಸಲಿಕೆಯಲ್ಲಿ ಬಾಚಿದರು. ಬಾಯಿಮಾತಿನಲ್ಲಿ ಅವನು ನಾಲ್ಕು ಹಳ್ಳಿಗೆ ಹೇಳಬಹುದಿತ್ತು, ಪತ್ರಿಕೆ ಇಡೀ ಜಿಲ್ಲೆಗೆ ಹೋಗುತ್ತದೆ.

ಬೆರಳಿಗಂಟಿದ ಗಸಗಸೆಯನ್ನು ನೆಕ್ಕಿ, ಮೂಳೆಯನ್ನು ಹೇಗೆ ಹೊಡೆದಿದ್ದಾಳೆ ನೋಡೋಣವೆಂದು ಕೊನೆಯ ಪುಟ ತಿರುವಿದ. ಅದು ಅವನ ಚಟ. ಮೂಳೆಯೆಂದರೆ ನಾಯಿಗೆ ಎಸೆಯುವುದು. ಹೊಡೆದುಹಾಕಲೆಂದೇ ಬರೆದ ಒಂದು ಸಾಲು, ಎಷ್ಟು ನಿಷಿದ್ಧವೋ ಅಷ್ಟು ಒಳ್ಳೆಯದು, ಮತ್ತು ಆದಷ್ಟು ಒರಟಾಗಿ. ನಾಯಿ ಅದನ್ನು ಕಚ್ಚಿಕೊಂಡು ತನ್ನ ಕೆಲಸ ಮುಗಿಯಿತೆಂದು ಮಲಗುತ್ತದೆ, ಅಷ್ಟರಲ್ಲಿ ನಿಜವಾಗಿ ಬೇಕಾದದ್ದು ಹಿತ್ತಿಲಿನಿಂದ ದಾಟಿಹೋಗುತ್ತದೆ. ಎಲ್ಲ ಸಂಪಾದಕರಿಗೂ ಗೊತ್ತಿರುವ ಉಪಾಯವೇ. ಆದರೆ ತನ್ನಷ್ಟು ಚೆನ್ನಾಗಿ ಮೂಳೆ ಮಾಡಬಲ್ಲವರು ಜಿಲ್ಲೆಯಲ್ಲಿಲ್ಲವೆಂದು ಎದ್ಮುಂದ್ ಒಳಗೊಳಗೇ ನಂಬಿದ್ದ. ಪುಟ ನೋಡಿದ. ಕೆಂಪು ಗೆರೆ ಇರಲಿಲ್ಲ. ಇನ್ನೊಮ್ಮೆ ನೋಡಿದ. ‘ಸಕ್ಕರೆ ಎಲ್ಲಿಗೆ ಹೋಯಿತೆಂದು ನಮ್ಮ ಹುಳಗಳಿಗೂ ಗೊತ್ತು: ರೈಲು ಹತ್ತಿ, ಗಡಿಯ ಬುಗ್ ನದಿ ದಾಟಿ, ಪೂರ್ವದ ದೊಡ್ಡಣ್ಣನ ಚಹಾದ ಲೋಟಕ್ಕೆ. — ವಾಲೆಂತಿ ಮಾಸ್ಲಾಂಕಾ, ಸ್ತಾರಾ ಗ್ರೊಬ್ಲಾ.’ ಹಾಗೆಯೇ ಇತ್ತು, ಬೆನ್ನಿಗೆ ಮುದ್ರೆಯೊಂದಿಗೆ.

ಬನ್ನು ಬಾಯಲ್ಲಿ ಹಿಟ್ಟಾಯಿತು. ಬೆಳಿಗ್ಗೆ ಪಾನಿ ಸಬಿನಾ ಕೆನ್ನೆಗೆ ಉಣ್ಣೆಯ ವಸ್ತ್ರ ಕಟ್ಟಿಕೊಂಡು ಕೂತಿದ್ದಳು. ಕೋಣೆಯಿಡೀ ಲವಂಗದೆಣ್ಣೆಯ ವಾಸನೆ. "ಹಲ್ಲು, ಸಂಪಾದಕರೇ. ಮೂರು ರಾತ್ರಿ ಕಣ್ಣು ಮುಚ್ಚಿಲ್ಲ. ಮಧ್ಯಾಹ್ನ ಕೀಳಿಸ್ಕೋತೀನಿ," ಎಂದಿದ್ದಳು. ಪುಟಗಳನ್ನು ಒಂದೊಂದಾಗಿ ಬೋರಲು ಹಾಕುತ್ತಾ ಮುದ್ರೆ ಒತ್ತಿದ್ದಳು. "ಜೇನು ತಿನ್ನೋದ್ರಿಂದಲೇ ಹಿಂಗಾಯ್ತು ಅಂತ ನಮ್ಮತ್ತೆ ಅಂತಾರೆ. ನಿಮ್ಮ ಪತ್ರಿಕೇಲಿ ಅದನ್ನೂ ಬರೀರಿ." ಅವನು ನಕ್ಕಿದ್ದ. ಅವಳ ಹಲ್ಲುನೋವಿಗೆ ತಾನೇ ಕೃತಜ್ಞನಾಗಿದ್ದ. ಇಷ್ಟು ವರ್ಷ ಎಚ್ಚರದಿಂದಿದ್ದ ರಾಜ್ಯವೊಂದು ಒಂದು ದವಡೆಹಲ್ಲಿನ ಮುಂದೆ ಸೋತಿತ್ತು, ಮತ್ತು ಅದು ಸೋತದ್ದು ಹಳ್ಳಿಯ ಮುದುಕ ಜೇನುಸಾಕಣೆದಾರ ವಾಲೆಂತಿಯ ಹೆಸರಿನ ಮೇಲೆ. ಪತ್ರಿಕೆ ಹೀಗೆಯೇ ಹೊರಬಿದ್ದರೆ ಪೊಲೀಸರ ನೀಲಿ ಕಾರೊಂದು ಸ್ತಾರಾ ಗ್ರೊಬ್ಲಾದ ಮಣ್ಣುದಾರಿ ಹಿಡಿಯುತ್ತದೆ. ಹಿಂದಿರುಗಿ ಹೋಗಿ, ಅಮ್ಮಾ ಇದೊಂದು ಸಾಲು ಹೊಡೆದುಬಿಡಿ ಎಂದರೆ ಅವಳು ಎಲ್ಲ ಪುಟಗಳನ್ನೂ ಮತ್ತೆ ತೆಗೆಯುತ್ತಾಳೆ. ಈ ಸಲ ಕಣ್ಣು ಬಿಟ್ಟು ಓದುತ್ತಾಳೆ, ಆರನೆಯ ಪುಟ ಹೋಗುತ್ತದೆ. ಗುರುವಾರ ಹುಳಗಳು ಎಂದಿನಂತೆ ಸಾಸಿವೆಗೆ ಹೋಗುತ್ತವೆ. ಬಸ್ ನಿಲ್ದಾಣದಲ್ಲಿ ಸ್ತಾರಾ ಗ್ರೊಬ್ಲಾದ ಬಸ್ಸು ಎಂಜಿನ್ ಬಿಸಿ ಮಾಡಿಕೊಳ್ಳುತ್ತಿತ್ತು. ವಾಲೆಂತಿಯನ್ನೇ ಕೇಳಿಬಿಡುವುದು ನ್ಯಾಯ ಎಂದುಕೊಂಡು ಅವನು ಹತ್ತಿದ. ಇರಲಿ ಬಿಡಿ ಎಂದು ಮುದುಕ ಹೇಳಿದರೆ ಪಾಪ ತನ್ನ ತಲೆಯ ಮೇಲಿರುವುದಿಲ್ಲ ಎಂಬ ಲೆಕ್ಕವೂ ನ್ಯಾಯದ ಬಾಲ ಹಿಡಿದು ಜೊತೆಗೇ ಹತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಕಿಟಕಿಯ ಪಕ್ಕ ಕೂತ.

ದಾರಿಯುದ್ದಕ್ಕೂ ಸಾಸಿವೆ. ಕಣ್ಣು ಕೋರೈಸುವ ಹಳದಿ, ನಡುವೆ ಒಂದು ಬೇಲಿಯಿಲ್ಲ, ಬದುವಿಲ್ಲ, ಹೊಲವೆಂದು ಕರೆಯಲು ನಾಲಿಗೆ ಬಾರದಷ್ಟು ಅಗಲ. ಹೋದ ಶರತ್ಕಾಲದಲ್ಲಿ ಅವನು ವಾಲೆಂತಿಯ ಅಡುಗೆಮನೆಯಲ್ಲಿ ಕೂತಿದ್ದಾಗ ಕಿಟಕಿಯ ಬೆಳಕು ಬೇರೆ ಇತ್ತು, ಬೂದಿ ಬಣ್ಣದ್ದು. ವಾಲೆಂತಿಯ ಹೆಂಡತಿ ಗೆನೊವೆಫಾ ಹುಳಿಸೊಪ್ಪಿನ ಸಾರಿನ ಜಾಡಿಗಳನ್ನು ಒರೆಸಿ ಜೋಡಿಸುತ್ತಿದ್ದಳು, ಗಂಡ ಮಾತಾಡುವಾಗ ಅವಳು ಸದ್ದು ಮಾಡಲಿಲ್ಲ. ವಾಲೆಂತಿ ಏನು ಹೇಳಿದ್ದ? ಚಳಿಗಾಲಕ್ಕೆ ಹುಳಗಳಿಗೆ ಉಣಿಸಲು ಪಡಿತರ ಚೀಟಿಯ ಮೇಲೆ ಸಿಕ್ಕ ಸಕ್ಕರೆ ಮೂರು ಪೆಟ್ಟಿಗೆಗೆ ಮಾತ್ರ ಸಾಕಾಯಿತು ಎಂದಿದ್ದ. ಆಮೇಲೆ ಕೈಗಳನ್ನು ಮೇಜಿನ ಮೇಲೆ ಬೋರಲಿಟ್ಟು ಇನ್ನೊಂದು ಮಾತು ಹೇಳಿದ್ದ. ಎದ್ಮುಂದ್ ಆ ಮಾತನ್ನು ಕೇಳಿಸಿಕೊಂಡಿದ್ದ, ತಲೆದೂಗಿದ್ದ, ವಾಪಸಾಗುವ ಬಸ್ಸಿನಲ್ಲಿ ಅದನ್ನು ನಾಲಿಗೆಯ ಮೇಲಿಟ್ಟು ತೂಗಿ ನೋಡಿದ್ದ. ತೀರ ತಣ್ಣಗಿದೆ ಅನ್ನಿಸಿತ್ತು. ಯಾವ ನಾಯಿಯೂ ಇದನ್ನು ಕಚ್ಚುವುದಿಲ್ಲ. ಸಕ್ಕರೆಯನ್ನಷ್ಟೇ ಇಟ್ಟುಕೊಂಡು, ಉಳಿದದ್ದನ್ನು ಬಿಟ್ಟು, ರೈಲನ್ನೂ ನದಿಯನ್ನೂ ದೊಡ್ಡಣ್ಣನನ್ನೂ ಸೇರಿಸಿದ್ದ. ಇದೇ ಮೊದಲಲ್ಲ. ವಾಲೆಂತಿಯ ಮಾತುಗಳಿಂದ ಎಷ್ಟೋ ಮೂಳೆ ಕೆತ್ತಿದ್ದ. ಮೊದಲ ಸಲ ಆ ಹೆಸರು ಕೈಗೆ ಬಂತು, ನಾಯಿ ಚೆನ್ನಾಗಿ ಕಚ್ಚಿತು, ಹಾಗೇ ರೂಢಿಯಾಯಿತು. ಹೇಗೂ ಅಚ್ಚಾಗದ ಹೆಸರಿಗೆ ಏನು ಕೇಡು?

ವಾಲೆಂತಿ ಮನೆಯ ಹಿಂದಿನ ಪ್ಲಮ್ ತೋಟದಲ್ಲಿದ್ದ. ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು, ತೆಳುವಾಗಿ ಹೊಗೆಯಾಡಿಸಿ, ಜೇನೆರಿಯ ಚೌಕಟ್ಟೊಂದನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದ. ಮುಖಕ್ಕೆ ಪರದೆಯಿರಲಿಲ್ಲ. "ಬಂದ್ರು ನೋಡು ಸಂಪಾದಕ್ರು," ಎಂದ, ತಿರುಗಿ ನೋಡದೆಯೇ. "ಪಟ್ಣದ ಬೂಟ್ಸಿನ ಸದ್ದು ಕೇಳೇ ಹುಳ ಒಳಗೋದ್ವು."

"ಪಾನ್ ವಾಲೆಂತಿ, ಒಂದು ಅವಸರದ ಮಾತಿತ್ತು."

"ಅವಸರ ಇದ್ರೆ ಹಂಗೇ ನಿಂತ್ಕೊ. ರಾಣಿ ಕಾಣಿಸ್ತಾ ಇಲ್ಲ ಇನ್ನೂ."

ಚೌಕಟ್ಟು ಒಳಗೆ ಹೋಗುವವರೆಗೂ ಅವನು ನಿಂತ. ಎಷ್ಟೋ ಪೆಟ್ಟಿಗೆಗಳ ಕಾಲುಕಲ್ಲುಗಳು ಬರಿದಾಗಿ ಹುಲ್ಲಿನ ನಡುವೆ ಕೂತಿದ್ದವು. ಆಮೇಲೆ ಬೆಂಚಿನ ಮೇಲೆ ಪುಟ ಹರಡಿ, ಹೇಳಿದ. ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿ ಹೇಳಿದ. ಮೂಳೆಯ ವಿಷಯ ಹೇಳದೆ ಹೆಸರಿನ ವಿಷಯ ಹೇಳಲು ಬರುವಂತಿರಲಿಲ್ಲ. ಹೆಸರಿನ ವಿಷಯ ಹೇಳುತ್ತಿದ್ದಂತೆ ಹಿಂದಿನ ಮೂಳೆಗಳೆಲ್ಲ ಒಂದರ ಹಿಂದೊಂದು ಹೊರಬಂದವು. ಗೆನೊವೆಫಾ ಮಜ್ಜಿಗೆಯ ಲೋಟ ಹಿಡಿದು ಬಂದವಳು ಅಲ್ಲೇ ನಿಂತಳು.

"ಅಂದ್ರೆ," ಎಂದ ವಾಲೆಂತಿ, ನಿಧಾನವಾಗಿ, "ಇಷ್ಟು ದಿನ ನನ್ನ ಹೆಸರು ಆ ಪತ್ರಿಕೇಲಿ ಇತ್ತು."

"ಇತ್ತು. ಕರಡಿನಲ್ಲಿ."

"ಕೇಳ್ದೇನೇ, ಗೆನಿಯಾ? ಇತ್ತಂತೆ."

ಗೆನೊವೆಫಾ ಲೋಟವನ್ನು ಎದ್ಮುಂದನ ಕೈಗೆ ಕೊಡದೆ ಬೆಂಚಿನ ಮೇಲಿಟ್ಟಳು. "ಪ್ರತಿ ತಿಂಗ್ಳೂ ಅಂಚೆಯೋನು ಬಂದ ತಕ್ಷಣ ಕನ್ನಡಕ ಹಾಕ್ಕೊಳೆ ಅಂತಿದ್ರು. ಮೊದಲ್ನೇ ಪುಟದಿಂದ ಕೊನೇ ಪುಟದ ತನಕ ನಾನೇ ಓದಿ ಹೇಳ್ತಿದ್ದೆ, ಸಣ್ಣಕ್ಷರ ಇವರ ಕಣ್ಣಿಗೆ ಆಗಲ್ಲ. ಸಂಪಾದಕ್ರು ಮನೇಗೆ ಬಂದು ಎರಡೆರಡು ಗಂಟೆ ಕೂತು ಕೇಳ್ಕೊಂಡ್ ಹೋದ್ರಲ್ಲ, ಏನಾದ್ರೂ ಬಂದಿರತ್ತೆ ಅಂತ. ಕೊನೇಗೆ ಇವರೇ ಅಂದ್ರು, ನಾನು ಹೇಳಿದ್ರಲ್ಲಿ ಅಚ್ಚು ಹಾಕೋ ಅಷ್ಟು ಏನಿರತ್ತೆ ಬಿಡೆ ಅಂತ."

ಎದ್ಮುಂದ್ ಮಜ್ಜಿಗೆಯ ಲೋಟದ ಅಂಚಿನಲ್ಲಿ ಕೂತ ಒಂದು ಹುಳವನ್ನು ನೋಡುತ್ತಿದ್ದ. ತಾನು ಹೆದರಿಕೊಂಡು ಬಂದದ್ದು ನೀಲಿ ಕಾರಿಗೆ. ಇಲ್ಲಿ ತನಗಾಗಿ ಕಾದಿದ್ದದ್ದು ಒಂದು ಕನ್ನಡಕ. ಗೆನೊವೆಫಾ ಅದನ್ನು ಏಪ್ರನ್ನಿಗೆ ಒರೆಸಿಕೊಂಡು ಸಸಿಮಾರುವ ಸಂಘಗಳ ಜಾಹೀರಾತನ್ನೂ ಬಿಡದೆ ಓದುವುದು, ಒಲೆಯ ಪಕ್ಕ ವಾಲೆಂತಿ ಕಿವಿಗೊಟ್ಟು ಕೂತಿರುವುದು ಅವನಿಗೆ ಕಂಡಿತು. ಹೊಡೆದುಹಾಕಿದ ಜಾಗದಲ್ಲಿ ಖಾಲಿ ಬಿಡುವಂತಿಲ್ಲ. ಓದುಗನಿಗೆ ಅಲ್ಲೇನೋ ಇತ್ತೆಂದು ತಿಳಿಯಬಾರದು. ಆ ಜಾಗ ತುಂಬಲೆಂದೇ ಸದಾ ಸಿದ್ಧವಿರುತ್ತಿದ್ದ ‘ಹೊಗೆಕುಡಿಕೆ ಶುಚಿಮಾಡುವ ವಿಧಾನ’ವನ್ನು ಅವಳು ಎಷ್ಟು ಸಲ ಗಟ್ಟಿಯಾಗಿ ಓದಿರಬೇಕು.

"ಓದು," ಎಂದ ವಾಲೆಂತಿ ಹೆಂಡತಿಗೆ. "ನಾನೇನು ಅಂದೆ ಅಂತ ಕೇಳಣ."

ಅವಳು ಓದಿದಳು. ರೈಲು, ನದಿ, ಚಹಾದ ಲೋಟ. ಪ್ಲಮ್ ಮರಗಳ ಕೆಳಗೆ ಆ ಸಾಲು ಪಟ್ಟಣದ ಸಾರಾಯಿ ಅಂಗಡಿಯ ನಗೆಯಂತೆ ಕೇಳಿಸಿತು. ವಾಲೆಂತಿ ನಗಲಿಲ್ಲ, ಹೆದರಲೂ ಇಲ್ಲ.

"ಇದಕ್ಕೆ ಹಿಡ್ಕೊಂಡ್ ಹೋಗ್ತಾರೆ ಅಂತೀಯ?"

"ವಿಚಾರಣೆಗೆ ಕರೀಬಹುದು. ಸಂಘದಿಂದ ತೆಗೀಬಹುದು. ಸಕ್ಕರೆ ಚೀಟಿ ತಡೀಬಹುದು."

"ಕರ್ದ್ರೆ ಹೋಗಣ. ಜರ್ಮನ್ನರೂ ಕರ್ದಿದ್ರು, ಆಮೇಲೆ ಇವ್ರೂ ಒಂದ್ಸಲ ಕರ್ದಿದ್ರು. ಕುರ್ಚಿ ಎರಡು ಕಡೆನೂ ಗಟ್ಟಿ." ಅವನು ಎರಿಕತ್ತಿಯ ಮೇಣವನ್ನು ಉಗುರಿನಿಂದ ಕೆರೆದ. "ಆದ್ರೆ ಈ ಮಾತಿಗೆ ನಾನು ಹೋಗಲ್ಲ. ಇದು ನನ್ನ ಮಾತಲ್ಲ. ನಾನು ತಮಾಷೆ ಮಾಡಿರ್ಲಿಲ್ಲ ಅವತ್ತು. ನಾನೇನು ಹೇಳ್ದೆ, ನೆನಪೈತಾ?"

"ಇದೆ."

"ಹೇಳು ಮತ್ತೆ."

ತರಗತಿಯಲ್ಲಿ ನಿಂತ ಹುಡುಗನಂತೆ ಎದ್ಮುಂದ್ ಹೇಳಿದ. ಒಂದು ಪದವೂ ತಪ್ಪಲಿಲ್ಲ. ತಾನು ಬೇಡವೆಂದು ಬಿಟ್ಟದ್ದು ಇಷ್ಟು ನಿಚ್ಚಳವಾಗಿ ಒಳಗೆ ಉಳಿದುಕೊಂಡಿತ್ತೆಂದು ಅವನಿಗೇ ಆಶ್ಚರ್ಯವಾಯಿತು. "ಸಿಕ್ಕ ಸಕ್ಕರೆ ಮೂರು ಪೆಟ್ಟಿಗೆಗೆ ಸಾಕಾಯಿತು. ಉಳಿದವು ಚಳಿಗಾಲದಲ್ಲಿ ದಿನಾ ಒಂದಿಷ್ಟು ಹಸಿದು ಸಾಯಬಾರದು ಅಂತ, ಸಂಜೆ ಎಲ್ಲ ಹುಳ ಮನೆಗೆ ಬಂದ ಮೇಲೆ, ಬಾಗಿಲು ಮುಚ್ಚಿ, ಗಂಧಕದ ಹೊಗೆ ಹಾಕಿ, ನಾನೇ ಕೊಂದೆ."

ಗೆನೊವೆಫಾ ಪುಟವನ್ನು ಮಡಿಸಿದ ಗುರುತಿನಲ್ಲೇ ಮಡಿಸಿ ಅವನ ಕೈಗಿತ್ತಳು.

"ಇದನ್ನ ಹಾಕು," ಎಂದ ವಾಲೆಂತಿ. "ಇದಕ್ಕೆ ಬೇಕಾದ್ರೆ ಹೆಸರು, ಊರು, ಮನೆ ನಂಬರ್ ಎಲ್ಲ ಹಾಕು."

"ಮುದ್ರೆ ಬಿದ್ದಿದೆ. ಬದಲಾಯಿಸಬೇಕು ಅಂದ್ರೆ ನಾನು ಅವಳ ಹತ್ರ ವಾಪಸ್ ಹೋಗ್ಬೇಕು. ಹೋದ್ರೆ ವಿಷ ಚೆಲ್ಲೋ ಸುದ್ದೀನೂ ಹೋಗತ್ತೆ, ಪಾನ್ ವಾಲೆಂತಿ. ಅದಕ್ಕೋಸ್ಕರಾನೇ ನಾನು..."

"ಅದಕ್ಕೋಸ್ಕರ ನನ್ನ ಹುಳಾನ ನಾಯಿ ಬಾಯಿಗೆ ಹಾಕ್ದೆ. ಗೊತ್ತಾಯ್ತು." ಮುದುಕನ ದನಿ ಏರಲಿಲ್ಲ. "ನೀನು ಯಾವತ್ತಾದ್ರೂ ಅವಳನ್ನ ನೆಟ್ಟಗೆ ಕೇಳಿದೀಯಾ? ಅಮ್ಮಾ, ಹುಳ ಸಾಯ್ತವೆ, ಇದೊಂದು ಬಿಡು ಅಂತ?"

ಅಂಥದೊಂದನ್ನು ಕೇಳಬಹುದೆಂದು ಈ ಕಸುಬಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾಯಿಯ ಹತ್ತಿರ ಯಾರು ಮಾತಾಡುತ್ತಾರೆ?

"ಕೇಳಿಲ್ಲ," ಎಂದ ವಾಲೆಂತಿ. "ಕೇಳ್ಬಿಟ್ಟು ಬಾ ಹೋಗು. ಮಜ್ಜಿಗೆ ಕುಡ್ದು ಹೋಗು, ಇಲ್ದಿದ್ರೆ ಇವಳು ನನ್ನ ಬೈತಾಳೆ."

ಕುಡಿದ. ಹುಳಿಯಾಗಿತ್ತು, ತಣ್ಣಗಿತ್ತು. ವಾಪಸಾಗುವ ಬಸ್ಸಿನಲ್ಲಿ ಎಂಥದೋ ಹಗುರ ಅವನ ಎದೆಯೊಳಗೆ ಸೇರಿಕೊಂಡಿತು. ಸಿಕ್ಕಿಬಿದ್ದವನಿಗೆ, ಸುಳ್ಳು ಹೇಳುವ ಕೆಲಸ ಮುಗಿದವನಿಗೆ ಬರುವ ಹಗುರ. ಕರಡಿನ ಅಂಚಿನಲ್ಲಿ ಬಸ್ಸು ಕುಲುಕುತ್ತಿದ್ದಂತೆ ವಾಲೆಂತಿಯ ಸಾಲನ್ನು ಪೆನ್ಸಿಲಿನಲ್ಲಿ ಬರೆದ. ತಿದ್ದಬೇಕೆಂದು ಕೈ ಎರಡು ಸಲ ಎದ್ದಿತು, ‘ದಿನಾ ಒಂದಿಷ್ಟು’ ಬೇಡವೇನೋ, ‘ನಾನೇ’ ಮೊದಲು ಬಂದರೆ ಹೇಗೆ. ತಿದ್ದಲಿಲ್ಲ. ತನ್ನ ಕೈಯನ್ನೇ ಅವನು ಆ ಕಚೇರಿಯವರ ಕೈಯನ್ನು ನೋಡುವಂತೆ ನೋಡಿದ. ಹೊರಗೆ ಸಾಸಿವೆ ಹಿಂದಕ್ಕೆ ಓಡುತ್ತಿತ್ತು. ಕಾನೂನು, ಮುದ್ರೆ, ಕೆಂಪು ಪೆನ್ಸಿಲು ಎಲ್ಲ ತನ್ನ ಹೊರಗಿವೆ ಎಂದು ಇಷ್ಟು ವರ್ಷ ಎಷ್ಟು ನೆಮ್ಮದಿಯಾಗಿ ನಂಬಿದ್ದ! ವಾಲೆಂತಿಯ ಮಾತನ್ನು ಮೊದಲು ಹೊಡೆದುಹಾಕಿದವನು ಯಾರು? ಪಾನಿ ಸಬಿನಾ ಆ ಮಾತನ್ನು ಕಂಡೇ ಇರಲಿಲ್ಲ.

ಆಕೆ ದಂತವೈದ್ಯನಲ್ಲಿಂದ ಆಗಷ್ಟೇ ಬಂದಿದ್ದಳು. ಕೆನ್ನೆಯ ವಸ್ತ್ರ ಬಿಚ್ಚಿ ಮೇಜಿನ ಮೇಲಿತ್ತು, ಬಾಯೊಳಗೆ ಹತ್ತಿ. ಅವನನ್ನು ಕಂಡು ಹುಬ್ಬೇರಿಸಿದಳು. ಎದ್ಮುಂದ್ ಕುರ್ಚಿ ಎಳೆದುಕೊಂಡು ಕೂತು, ಕೊನೆಯ ಪುಟವನ್ನು ಅವಳ ಮುಂದಿಟ್ಟು ಸಾಲಿನ ಕೆಳಗೆ ಬೆರಳಿಟ್ಟ. "ಪಾನಿ ಸಬಿನಾ, ಇದನ್ನ ಹೊಡೆದುಹಾಕಿ."

ಅವಳು ಓದಿದಳು. ಬಾಯಿಯಿಂದ ಹತ್ತಿ ತೆಗೆದು ಕರವಸ್ತ್ರದಲ್ಲಿ ಸುತ್ತಿದಳು. ಮುಖ ಸುಣ್ಣದ ಬಣ್ಣಕ್ಕೆ ಬಂದಿತ್ತು, ಊದಿದ ಕೆನ್ನೆಯೊಂದು ಬಿಟ್ಟು. ಇದು ಅಚ್ಚಾಗಿದ್ದರೆ ಬೀದಿಗೆ ಬೀಳುತ್ತಿದ್ದವರು ಇಬ್ಬರು: ವಾಲೆಂತಿ ಮತ್ತು ಆಕೆ. ಇದು ಬೆಂಚಿನ ಮೇಲೆ ಕೂತಾಗ ಅವನಿಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೆ ಅದರಲ್ಲೂ ಒಂದು ಉಪಾಯ ಹುಡುಕುತ್ತಿದ್ದನೇನೋ. ಈಗ ಹುಡುಕಲಿಲ್ಲ.

"ಬೆಳಿಗ್ಗೆ ನಾನು ಇದನ್ನ ಓದೇ ಇಲ್ಲ," ಎಂದಳು ಮೆಲ್ಲಗೆ. ತುಟಿ ಇನ್ನೂ ಜೋಮು ಹಿಡಿದಿತ್ತು. ಕೆಂಪು ಪೆನ್ಸಿಲು ತೆಗೆದು ಸಾಲನ್ನು ಉದ್ದಕ್ಕೂ ಹೊಡೆದಳು, ಕಾಗದ ಹರಿಯುವಷ್ಟು ಒತ್ತಿ. ಆಮೇಲೆ ಕುರ್ಚಿಗೊರಗಿದಳು. "ಇದನ್ನೇನೋ ಅಂತೀರಲ್ಲ ನೀವುಗಳು? ಮೂಳೆ?"

"ಗೊತ್ತಾ ನಿಮಗೆ?"

"ಅಯ್ಯೋ ಸಂಪಾದಕರೇ. ವಾರ್ಸಾಗೆ ಪ್ರತಿ ತಿಂಗಳೂ ಏನೇನು ಹೊಡೆದೆ ಅಂತ ವರದಿ ಕಳಿಸ್ಬೇಕು. ಜೇನುಸಾಕಣೆ, ಕೋಳಿಸಾಕಣೆ, ಅಗ್ನಿಶಾಮಕ ದಳದ ಬ್ಯಾಂಡು, ಇದ್ರಲ್ಲಿ ಹೊಡೆಯೋಕೆ ಏನಿರತ್ತೆ? ನಿಮ್ಮ ಮಾಸ್ಲಾಂಕಾ ಇಲ್ದಿದ್ರೆ ನನ್ನನ್ನ ಯಾವತ್ತೋ ಕೆಲಸಕ್ಕೆ ಬಾರದೋಳು ಅಂತ ಕಳಿಸಿರೋರು. ಅವರ ದೆಸೆಯಿಂದ ನನಗೆ ಒಂದು ಪ್ರಶಂಸಾಪತ್ರ ಬಂದಿದೆ." ನಗಲು ಹೋಗಿ ದವಡೆ ಹಿಡಿದುಕೊಂಡಳು. "ಅಂಥ ಮನುಷ್ಯ ಒಬ್ಬ ಇದ್ದಾನೆ ಅಂತ ನಾನು ನಂಬಿರ್ಲಿಲ್ಲ. ನೀವೇ ಹುಟ್ಟಿಸಿದ ಹೆಸರು ಅಂದ್ಕೊಂಡಿದ್ದೆ."

"ಇದ್ದಾರೆ. ಆ ಜಾಗಕ್ಕೆ ಅವರು ನಿಜವಾಗಿ ಹೇಳಿದ್ದನ್ನ ಹಾಕ್ಬೇಕು." ಅಂಚಿನ ಪೆನ್ಸಿಲ್ ಬರಹ ತೋರಿಸಿದ.

ಅವಳು ಅದನ್ನು ಬಹಳ ಹೊತ್ತು ಓದಿದಳು. ಒಂದೇ ಸಾಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. "ಸಕ್ಕರೆ ಕಡಿಮೆ ಅನ್ನೋದು ಬರೋ ಹಾಗಿಲ್ಲ."

"ಕಡಿಮೆ ಅಂತ ಅವರು ದೂರ್ತಾ ಇಲ್ಲ. ತಾವೇನು ಮಾಡಿದ್ರು ಅಂತ ಹೇಳ್ತಾ ಇದ್ದಾರೆ."

"ಅದೇ ಕಷ್ಟ." ಪೆನ್ಸಿಲನ್ನು ಬೆರಳುಗಳ ನಡುವೆ ಉರುಳಿಸಿದಳು. ಆಮೇಲೆ, ಅವನು ಕಾಯುತ್ತಿದ್ದಂತೆಯೇ, ಉಳಿದ ಪುಟಗಳಿಗೆ ಕೈಚಾಚಿದಳು. ಕೊಟ್ಟ. ಆರನೆಯ ಪುಟ ಬಂತು. ಅವಳ ಕಣ್ಣು ಅಲ್ಲಿ ನಿಂತಿತು. "ಇದನ್ನ ದಾಟಿಸೋಕೆ ಅಲ್ವಾ ಆ ಮೂಳೆ?"

"ಹೌದು," ಎಂದ ಎದ್ಮುಂದ್. ಇಷ್ಟು ವರ್ಷಗಳಲ್ಲಿ ಈ ಕೋಣೆಯಲ್ಲಿ ಅವನು ಆಡಿದ ಮೊದಲ ಪೂರ್ತಿ ನಿಜ ಅದು, ಆಡಿದ ಮೇಲೆ ದನಿ ಇನ್ನಷ್ಟು ಸ್ಥಿರವಾಯಿತು. "ಗುರುವಾರ ವಿಮಾನ ಹಾರತ್ತೆ. ಮುಂಚೆ ಹೇಳಿದ್ರೆ ಜನ ಬಾಗಿಲು ಮುಚ್ಕೋತಾರೆ. ಹೇಳ್ದೇ ಇದ್ರೆ ಹುಳ ಸಾಯ್ತವೆ. ಇದನ್ನ ಬಿಡಿ ಅಂತ ಕೇಳೋಕೆ ಬಂದೆ."

"ಹೀಗೆ ಯಾರೂ ಕೇಳಲ್ಲ ನನ್ನನ್ನ."

"ನಾನೂ ಕೇಳಿರ್ಲಿಲ್ಲ."

ಹೊರಗೆ ಟ್ರಾಕ್ಟರೊಂದು ಚೌಕ ದಾಟುವ ಸದ್ದು. ಪಾನಿ ಸಬಿನಾ ನಾಲಿಗೆಯಿಂದ ಹಲ್ಲು ಹೋದ ಜಾಗ ತಡಕುತ್ತಿದ್ದುದು ಕೆನ್ನೆಯಲ್ಲಿ ಕಾಣುತ್ತಿತ್ತು. ಕೆಂಪು ಪೆನ್ಸಿಲು ಆರನೆಯ ಪುಟಕ್ಕೆ ಇಳಿಯಿತು. ಅವನು ಕಣ್ಣು ತಪ್ಪಿಸಲಿಲ್ಲ. ಹೊಡೆದದ್ದು ಫಾರ್ಮಿನ ಹೆಸರನ್ನು. ವಿಮಾನ, ಗುರುವಾರ, ನೀರು, ಜಾಲರಿ ಹಾಗೇ ಉಳಿದವು.

"ಯಾವ ಫಾರ್ಮು ಅಂತ ಬೇಕಾಗಿಲ್ಲ. ಜಿಲ್ಲೇಲಿ ಅಷ್ಟು ಸಾಸಿವೆ ಇರೋದು ಒಂದೇ ಕಡೆ. ವರದಿಗೆ ನನಗೆ ಇವತ್ತು ಎರಡು ಸಿಕ್ತು, ಸಾಕು." ಹೊಸ ಸಾಲಿನ ಪಕ್ಕದಲ್ಲಿ ಸಹಿ ಮಾಡಿ, ಮುದ್ರೆಯನ್ನು ಮಸಿಗೆ ಒತ್ತಿದಳು. ಪುಟದ ಮೇಲೆ ಒತ್ತುವ ಮುನ್ನ ತಡೆದು ಕೇಳಿದಳು, ಕೆಲಸದ ದನಿಯಲ್ಲಲ್ಲ: "ಸಂಜೆ, ಎಲ್ಲ ಮನೆಗೆ ಬಂದ ಮೇಲೇನಾ?"

"ಮುಂಚೆ ಹೊಗೆ ಹಾಕಿದ್ರೆ ಹೊರಗೆ ಹೋದವು ಉಳ್ಕೊಂಡು, ಬಂದು, ಮುಚ್ಚಿದ ಬಾಗಿಲ ಮುಂದೆ ಕೂರ್ತವೆ."

ಅವಳು ಮುದ್ರೆ ಒತ್ತಿದಳು.

ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಪಾನ್ ಯೂಲಿಯುಶ್ ಅವನನ್ನು ನೋಡಿದವನೇ, ತಿಂಗಳ ರೂಢಿಯಂತೆ, ‘ಹೊಗೆಕುಡಿಕೆ ಶುಚಿಮಾಡುವ ವಿಧಾನ’ದ ಸೀಸದ ಸಾಲುಗಳ ಕಟ್ಟನ್ನು ಕಪಾಟಿನಿಂದ ಎತ್ತಿಕೊಂಡು ಬಂದ. "ಎಷ್ಟು ಸಾಲು ತುಂಬಬೇಕು ಹೇಳಿ. ಮುದುಕಪ್ಪನ ಸಾಲು ಹೊಡೆದ್ರಲ್ಲ ಈ ಸಲಾನೂ?"

"ಅದನ್ನ ಒಳಗಿಡಿ. ಮಾತು ಬೇರೆ ಬಂದಿದೆ. ಹೆಸರು ಉಳೀತು."

ಯೂಲಿಯುಶ್ ಕನ್ನಡಕವನ್ನು ಹಣೆಗೇರಿಸಿ ಅಂಚಿನ ಬರಹ ಓದಿದ. ಕಟ್ಟನ್ನು ಕಪಾಟಿನೊಳಗಿಟ್ಟು, ಕೆಳಗಿನ ಗೂಡಿನಿಂದ ದಾರ ಸುತ್ತಿದ ಸೀಸದ ಮೊಳೆಗಳ ಒಂದು ಚಿಕ್ಕ ತುಂಡನ್ನು ತೆಗೆದ. "ಈ ಹೆಸರನ್ನ ಒಡೆದು ಹಾಕಿ, ಮತ್ತೆ ಜೋಡಿಸಿ, ಮತ್ತೆ ಒಡೆದು, ಬೇಜಾರಾಯ್ತು ನಂಗೆ. ಹೇಗೂ ಮುಂದಿನ ತಿಂಗ್ಳೂ ಬರ್ತಾನೆ ಅಂತ ಕಟ್ಟಿ ಇಟ್ಬಿಟ್ಟಿದ್ದೆ," ಎಂದು ಅದನ್ನು ಎದ್ಮುಂದನ ಅಂಗೈಗೆ ಹಾಕಿದ. ವಾಲೆಂತಿ ಮಾಸ್ಲಾಂಕಾ, ಸ್ತಾರಾ ಗ್ರೊಬ್ಲಾ. ಸಂಘದ ಅಧ್ಯಕ್ಷರ ಹೆಸರಿನ ಮೊಳೆಗಳು ಅಚ್ಚಾಗಿ ಅಚ್ಚಾಗಿ ಮೂಲೆ ಸವೆದು ಮಂಕಾಗಿದ್ದವು. ಈ ಅಕ್ಷರಗಳು ಕರಡಿಗೆ ಬಿಟ್ಟು ಇನ್ಯಾವುದಕ್ಕೂ ತಾಗದೆ, ಅಂಚು ಚೂಪಾಗಿ, ನಿನ್ನೆ ಎರಕ ಹೊಯ್ದಂತೆ ಹೊಳೆಯುತ್ತಿದ್ದವು.